ಸುಗ್ಗಿಹಬ್ಬದ ಕರಿಸಾರು

ಎಡ್ಡಿ ತನ್ನ ಹೆಸರಿಗೆ ಬಾಲ ಅಂಟಿಸಿಕೊಂಡು ಬಂದ ದಿನವೇ ಯಾನಿನಾಗೆ ಗಂಡನ ಮೇಲೆ ಹೇಸಿಗೆ ಶುರುವಾದದ್ದು. ಅದಕ್ಕೆ ಮೊದಲು ಸಿಟ್ಟಿತ್ತು, ಬೇಸರವಿತ್ತು. ಅಷ್ಟು ವರ್ಷ ಸಂಸಾರ ಮಾಡಿದವರಿಗೆ ಯಾರಿಗಿಲ್ಲ ಹೇಳಿ? ಹೇಸಿಗೆ ಮಾತ್ರ ಹೊಸದು.

ಚರ್ಚಿನ ಪೋಲಿಷ್ ಪರಂಪರೆ ಸಮಿತಿಗೆ ಆ ವರ್ಷ ಅವನೇ ಅಧ್ಯಕ್ಷ. ಸಮಿತಿಯವರಿಗೆಲ್ಲ ಕೆಂಪು-ಬಿಳಿ ಜಾಕೆಟ್ಟು ಹೊಲಿಸಿದ್ದರು. ಎಡ್ಡಿಯ ಜಾಕೆಟ್ಟಿನ ಎದೆಯ ಮೇಲೆ ದಪ್ಪ ದಾರದಲ್ಲಿ ‘ಫೇದಾಕೋವ್‌ಸ್ಕಿ’ ಎಂದು ಕಸೂತಿ ಹಾಕಿತ್ತು.

ಎಲೆಕೋಸು ಹೆಚ್ಚುತ್ತಿದ್ದ ಯಾನಿನಾ ತಲೆಯೆತ್ತಿ ನೋಡಿದಳು. “ಇದ್ಯಾರ ಜಾಕೆಟ್ ಹಾಕ್ಕೊಂಡು ಬಂದೆ?”

“ನಂದೇ ಕಣೇ. ಚೆನ್ನಾಗಿಲ್ವಾ?”

“ನೀನು ಫೇದಾಕ್. ನಿಮ್ಮಪ್ಪ ಫೇದಾಕ್. ಈ ಕೋವ್‌ಸ್ಕಿ ಯಾವ ಸಂದಿಯಿಂದ ಬಂದ?”

“ಅಧ್ಯಕ್ಷ ಅಂದ್ಮೇಲೆ ಹೆಸರು ಒಂಚೂರು ತೂಕವಾಗಿರಬೇಕಪ್ಪ. ಬರೀ ಫೇದಾಕ್ ಅಂದ್ರೆ ಯಾವನೋ ಬೆಟ್ಟದ ಮೇಲೆ ಕುರಿ ಕಾಯೋನು ಅಂದ್ಕೋತಾರೆ.”

ಕಿಟಕಿಯ ಪಕ್ಕ ಕುಳಿತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅವನ ತಾಯಿ ಚಾಕು ನಿಲ್ಲಿಸದೆ ಹೇಳಿದಳು: “ನಿಮ್ಮಪ್ಪ ಬೆಟ್ಟದ ಮೇಲೆ ಕುರಿ ಕಾಯ್ತಿದ್ದ.”

“ಅದನ್ನ ಊರಿಗೆಲ್ಲ ಸಾರಬೇಕಾ ಅಮ್ಮ?” ಎಂದು ಎಡ್ಡಿ ಕನ್ನಡಿ ನೋಡಲು ಹೋದ.

ಮುದುಕಿಗೆ ಗೆನೊವೇಫಾ ಅಂತ ಚೆಂದದ ಹೆಸರಿತ್ತು. ಆದರೆ ಮೊಮ್ಮಗಳು ಹಲೀನಾ ತೊದಲು ಮಾತಲ್ಲಿ ‘ಬೂಶಾ’, ಅಂದರೆ ಅಜ್ಜಿ ಅಂದದ್ದೇ ಅಂದದ್ದು, ಮನೆಗೂ ಬೀದಿಗೂ ಆಕೆ ಬೂಶಾ ಆಗಿಹೋದಳು. ಕಡಲಾಚೆಯಿಂದ ಬಂದ ಪೋಲಿಷರೇ ತುಂಬಿದ್ದ ಹ್ಯಾಮ್‌ಟ್ರ್ಯಾಮಿಕ್ಕಿನ ಆ ಬೀದಿಯಲ್ಲಿ ಒಂದು ಕಾಲಕ್ಕೆ ಎಲ್ಲ ಮನೆಗಳಲ್ಲೂ ಒಬ್ಬೊಬ್ಬ ಬೂಶಾ ಇದ್ದಳು. ಈಗ ಅರ್ಧಕ್ಕರ್ಧ ಮನೆಗಳಲ್ಲಿ ಬಂಗಾಳಿಗಳು, ಯೆಮೆನಿನವರು. ಪೋಲಿಷ್ ಮನೆಯ ಮಕ್ಕಳೆಲ್ಲ ದೂರದ ದೊಡ್ಡ ಮನೆಗಳಿಗೆ ಹೋಗಿ ಸೇರಿ, ವರ್ಷಕ್ಕೊಂದು ಸಲ ಹಬ್ಬದ ದಿನ ಕಾರು ನಿಲ್ಲಿಸಲು ಜಾಗವಿಲ್ಲ ಎಂದು ಬೈದುಕೊಂಡು ಬರುತ್ತಿದ್ದರು.

ಬೂಶಾಳ ಗಂಡ ವಾಸಿಲ್‌ನ ಫೋಟೊ ಊಟದ ಮೇಜಿನ ಮೇಲ್ಗಡೆ ಇತ್ತು. ಅವನು ಲೆಮ್ಕೊ. ಬೆಟ್ಟದ ಜನ, ಬೇರೆ ಭಾಷೆ, ಬೇರೆ ಚರ್ಚು, ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಕೈ ಬಲಭುಜದಿಂದ ಎಡಕ್ಕೆ ಹೋಗುತ್ತಿತ್ತು. ಸಣ್ಣವನಿದ್ದಾಗ ಎಡ್ಡಿ ಅಪ್ಪನನ್ನು ನೋಡಿ ಹಾಗೇ ಹಾಕಿಕೊಂಡು, ಶಾಲೆಯಲ್ಲಿ ಸಿಸ್ಟರಮ್ಮನ ಕೈಯಲ್ಲಿ ಏಟು ತಿಂದಿದ್ದ. ಅವತ್ತು ಸರಿಮಾಡಿಕೊಂಡ ಕೈ, ಮತ್ತೆಂದೂ ತಪ್ಪಲಿಲ್ಲ. ಈಗ ಸಮಿತಿಯ ಗೋಡೆಯ ಮೇಲೆ ‘ನಮ್ಮ ಹಿರಿಯರು’ ಎಂಬ ಸಾಲಿನಲ್ಲಿ ವಾಸಿಲ್‌ನ ಇನ್ನೊಂದು ಫೋಟೊ ತೂಗುಹಾಕಿ, ಕೆಳಗೆ ‘ಅಪ್ಪಟ ಪೋಲಿಷ್ ರೈತ’ ಎಂದು ಬರೆಸಿದ್ದ. ಯಾನಿನಾ ಅದನ್ನು ನೋಡಿದಾಗೆಲ್ಲ ಅವಳ ನಾಲಿಗೆಯ ಮೇಲೆ ಏನೋ ಕಹಿ ಬಂದಂತಾಗುತ್ತಿತ್ತು.

ಸೆಪ್ಟೆಂಬರಿನ ಒಂದು ಭಾನುವಾರ ಹಲೀನಾ ಜುಬೇರನನ್ನು ಊಟಕ್ಕೆ ಕರೆತಂದಳು. ಹಲೀನಾ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು, ನಾಲ್ಕು ಬೀದಿ ಆಚೆ ಮಹಡಿ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದಳು. ಜುಬೇರ್ ಸಿಲೆಟ್ಟಿನಿಂದ ಬಂದ ಬಂಗಾಳಿ ಮುಸ್ಲಿಮರ ಮಗ, ಇದೇ ಊರಲ್ಲಿ ಬೆಳೆದವನು, ಮನೆ ಬೆಚ್ಚಗಿಡುವ ಹೀಟರುಗಳ ರಿಪೇರಿ ಅವನ ಕೆಲಸ. ಹಿಂದಿನ ಚಳಿಗಾಲ ಇವರ ಮನೆಯ ಹೀಟರು ಕೆಟ್ಟು ನಿಂತಾಗ ಬಂದು ಸರಿಮಾಡಿದವನೂ ಅವನೇ. ಬೂಶಾಗೆ ಹುಡುಗ ಅಂದಿನಿಂದಲೇ ಮೆಚ್ಚು.

“ಮದುವೆ ಆಗ್ತೀವಿ,” ಎಂದಳು ಹಲೀನಾ, ಸಾರು ಮುಗಿಯುವ ಮೊದಲೇ. “ಚಳಿಗಾಲ ಕಳೆದ ಮೇಲೆ.”

ಯಾನಿನಾ ಗಂಡನ ಮುಖ ನೋಡಿದಳು. ರಾದ್ಧಾಂತ ಆಗುತ್ತದೆ ಎಂದುಕೊಂಡಿದ್ದಳು. ಎಡ್ಡಿ ನಕ್ಕ. ಎದ್ದು ಹೋಗಿ ಹುಡುಗನ ಬೆನ್ನು ತಟ್ಟಿದ.

“ಭೇಷ್! ಮುಂದಿನ ತಿಂಗಳು ನಮ್ಮ ಸುಗ್ಗಿಹಬ್ಬ ಇದೆ. ಬಂದು ನಮ್ಮ ಮೇಜಲ್ಲೇ ಕೂತ್ಕೋಬೇಕು. ಮನೆ ಅಳಿಯ ಆಗೋನು, ನಮ್ಮ ಪದ್ಧತಿ ಎಲ್ಲ ನೋಡ್ಬೇಕಲ್ಲಪ್ಪ.”

“ಖಂಡಿತ ಬರ್ತೀನಿ ಸಾರ್,” ಎಂದ ಜುಬೇರ್. ಪಾಪ, ಖುಷಿಯಾಗಿದ್ದ. ತಾನು ತಂದಿದ್ದ ಮಿಠಾಯಿ ಡಬ್ಬಿಯನ್ನು ಬೂಶಾ ಮುಂದೆ ಬಿಚ್ಚಿಟ್ಟ. ಬೂಶಾ ಸಕ್ಕರೆ ಪಾಕದ ಉಂಡೆಯೊಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಇನ್ನೊಂದಕ್ಕೆ ಕೈ ಹಾಕಿದಳು.

ಅವರಿಬ್ಬರೂ ಹೊರಟು ಬಾಗಿಲು ಮುಚ್ಚಿಕೊಂಡ ಮೇಲೆ ಎಡ್ಡಿ ತೊಡೆ ತಟ್ಟಿಕೊಂಡ. “ಅಮ್ಮ, ಹಬ್ಬಕ್ಕೆ ನೀನು ಕರಿಸಾರು ಮಾಡ್ಬೇಕು.”

ತಟ್ಟೆ ಎತ್ತುತ್ತಿದ್ದ ಯಾನಿನಾ ಅಲ್ಲೇ ನಿಂತಳು.

ಕರಿಸಾರು ಎಂದರೆ ಬಾತುಕೋಳಿಯ ರಕ್ತದ ಸಾರು. ಒಣಗಿದ ಪ್ಲಮ್ಮು, ಲವಂಗ, ವಿನಿಗರ್, ಸಕ್ಕರೆ ಹಾಕಿ ಕುದಿಸಿದರೆ ಚಾಕೊಲೇಟ್ ಬಣ್ಣಕ್ಕೆ ಬರುತ್ತದೆ. ಹಿಂದಿನವರು ಹೆಣ್ಣು ಕೇಳಲು ಬಂದವನಿಗೆ ‘ಕೊಡಲ್ಲ’ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಈ ಬಟ್ಟಲನ್ನು ಮುಂದಿಡುತ್ತಿದ್ದರು. ಬಂದವನು ನೋಡಿ, ಟೋಪಿ ಎತ್ತಿಕೊಂಡು ಹೋಗುತ್ತಿದ್ದ.

“ಪ್ಲಮ್ಮಿನ ಸಾರು ಅಂತ ಹೇಳಿ ಅವನ ಮುಂದೆ ಇಡೋಣ,” ಎಂದ ಎಡ್ಡಿ. “ಅವನಿಗೇನು ಗೊತ್ತಾಗುತ್ತೆ? ತಿಂತಾನೆ. ಹಳಬರಿಗೆಲ್ಲ ಗೊತ್ತಿರುತ್ತೆ, ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಾರೆ. ಬಟ್ಟಲು ಖಾಲಿಯಾದ್ಮೇಲೆ ನಾನು ಮೈಕ್ ಹಿಡಿದು ಹೇಳ್ತೀನಿ, ಇದೇನು, ಇದರ ಅರ್ಥ ಏನು ಅಂತ.”

“ಅವರಲ್ಲಿ ರಕ್ತ ಬಾಯಿಗಿಡಬಾರದು ಕಣೋ!” ಎಂದಳು ಯಾನಿನಾ.

“ಅದೇ ಅಲ್ವೇನೇ ಮಜಾ?”

“ಥೂ! ನೀನು ಮನುಷ್ಯನಾ?”

“ಇದು ನಮ್ಮ ಪದ್ಧತಿ. ನಾನು ಹುಟ್ಟಿಸಿದ್ದಲ್ಲ.”

“ನಿನ್ನ ಮಗಳು ಆಮೇಲೆ ಈ ಹೊಸಿಲು ತುಳಿಯಲ್ಲ. ಬರೆದಿಟ್ಕೋ. ಮಗಳನ್ನ ಕಳ್ಕೊಂಡು ಆ ಜಾಕೆಟ್ ತಬ್ಕೊಂಡು ಮಲಗು.”

“ಎರಡು ದಿನ ಮುನಿಸ್ಕೋತಾಳೆ, ಮೂರನೇ ದಿನ ಬರ್ತಾಳೆ. ಅವನಿಗೆ ಮಾತ್ರ ಬುದ್ಧಿ ಬರುತ್ತೆ.” ಎಡ್ಡಿ ತಾಯಿಯ ಕಡೆ ತಿರುಗಿದ. “ಏನಮ್ಮ? ಮಾಡ್ತೀಯಾ ತಾನೇ? ಈ ಊರಲ್ಲಿ ಅದನ್ನ ಮಾಡೋಕೆ ಬರೋದು ನಿನಗೊಬ್ಬಳಿಗೇ.”

ಯಾನಿನಾ ಅತ್ತೆಯನ್ನು ನೋಡಿದಳು. ಈಗ ಬೈತಾಳೆ, ಈಗ ಚಾಕು ಎಸೀತಾಳೆ ಎಂದು ಕಾದಳು. ಬೂಶಾ ಬೆರಳಿಗೆ ಅಂಟಿದ ಪಾಕವನ್ನು ನಿಧಾನವಾಗಿ ನೆಕ್ಕಿಕೊಂಡಳು.

“ಎರಡು ಬಾತುಕೋಳಿ ಬೇಕು,” ಎಂದಳು. “ಜೀವ ಇರೋವು. ಅಂಗಡಿಯ ಸತ್ತ ಕೋಳಿ ತಂದ್ರೆ ನಿನ್ನ ತಲೆ ಮೇಲೆ ಹಾಕ್ತೀನಿ.”

ಅಲ್ಲಿಂದ ಮುಂದೆ ಯಾನಿನಾ ಅತ್ತೆಯ ಜೊತೆ ಮಾತು ಬಿಟ್ಟಳು. ಗಂಡ ಹೀಗೆ ಎಂದು ಗೊತ್ತಿತ್ತು. ಈ ಮುದುಕಿಗೇನು ಬಂತು? ಹೊಟ್ಟೆ ತುಂಬ ಹುಡುಗನ ಮಿಠಾಯಿ ತಿಂದು, ಅವನಿಗೇ ರಕ್ತ ಕುಡಿಸಲು ಹೊರಟಿದ್ದಾಳಲ್ಲ! ಶಾಲೆಯ ಅಡುಗೆಮನೆಯಲ್ಲಿ ಬೆಳಗಿನಿಂದ ಮಕ್ಕಳಿಗೆ ಬಡಿಸಿ ಬಂದವಳು, ಮನೆಯಲ್ಲಿ ಮತ್ತೆ ಒಲೆಯ ಮುಂದೆ ನಿಂತು ಹಬ್ಬದ ಪಿರೋಗಿ ಕಡುಬಿಗೆ ಹಿಟ್ಟು ನಾದುತ್ತಿದ್ದಳು. ಚರ್ಚಿನ ಹೆಂಗಸರಲ್ಲಿ ಅಡುಗೆಗೆ ಕೈಹಚ್ಚುವವರು ಕಡಿಮೆಯಾಗಿದ್ದರು. ಸಮಿತಿಯ ಗಂಡಸರು ಮಾತ್ರ ದಿನಾ ಸಂಜೆ ಅಂಗಳದಲ್ಲಿ ಬಿಯರ್ ಹಿಡಿದು ಕೂತು ‘ಪರಂಪರೆ ಉಳಿಸಬೇಕು’ ಎನ್ನುತ್ತಿದ್ದರು. ಅವರ ಖಾಲಿ ಡಬ್ಬಿಗಳನ್ನು ಬೆಳಿಗ್ಗೆ ಹೆಕ್ಕುತ್ತಿದ್ದವಳೂ ಯಾನಿನಾಳೇ.

ಎಡ್ಡಿಗೆ ಹಬ್ಬದ ವೇಷ ಬಂತು. ಕ್ರಾಕೋವ್ ಕಡೆಯ ಕಸೂತಿ ಕೋಟು, ಪಟ್ಟೆ ಪಟ್ಟೆ ಚಲ್ಲಣ, ನವಿಲುಗರಿ ಸಿಕ್ಕಿಸಿದ ಕೆಂಪು ಟೋಪಿ. ಅವನ ಕಡೆಯವರು ಯಾರೂ ಜನ್ಮದಲ್ಲಿ ಇಂಥದ್ದು ತೊಟ್ಟವರಲ್ಲ. ಹೊಟ್ಟೆಯ ಮೇಲೆ ಗುಂಡಿ ಕೂರಲಿಲ್ಲ.

“ಇದನ್ನ ಸ್ವಲ್ಪ ಬಿಟ್ಟು ಹೊಲಿ,” ಎಂದ.

“ಹೊಟ್ಟೆ ಬಿಟ್ಟು ಬಾ, ಆಮೇಲೆ ಹೊಲೀತೀನಿ,” ಎಂದಳು ಯಾನಿನಾ. ಆದರೂ ಹೊಲಿದುಕೊಟ್ಟಳು. ಸೂಜಿ ಹಿಡಿದ ತನ್ನ ಕೈಯನ್ನು ನೋಡಿಕೊಂಡು ತನ್ನ ಮೇಲೇ ಅಸಹ್ಯಪಟ್ಟಳು.

ಮಗಳಿಗೆ ಹೇಳಿಬಿಡೋಣ ಎಂದು ಫೋನ್ ಎತ್ತಿಕೊಳ್ಳುವಳು, ಕೆಳಗಿಡುವಳು. ಹೇಳಿದರೆ ಅಪ್ಪ-ಮಗಳ ಸಂಬಂಧ ಅಲ್ಲಿಗೇ ಕಡಿದುಹೋಯಿತು. ಹೇಳದಿದ್ದರೆ ಎಲ್ಲರೆದುರು ಕಡಿದುಹೋಗುತ್ತದೆ. ಕಡೆಗೆ, ಹಬ್ಬದ ದಿನ ಹುಡುಗನ ಕುರ್ಚಿಯ ಹಿಂದೆಯೇ ನಿಂತು ಆ ಬಟ್ಟಲನ್ನು ಕಿತ್ತು ಚೆಲ್ಲುತ್ತೇನೆ, ಏನಾದರಾಗಲಿ ಎಂದು ಗಟ್ಟಿ ಮಾಡಿಕೊಂಡಳು.

ಹಬ್ಬದ ಹಿಂದಿನ ದಿನ ಬಾತುಕೋಳಿಗಳು ಬಂದವು. ಎಡ್ಡಿ ರಟ್ಟಿನ ಪೆಟ್ಟಿಗೆಯನ್ನು ನೆಲಮಾಳಿಗೆಯ ಮೆಟ್ಟಿಲ ಮೇಲಿಟ್ಟು, ಮೂಗು ಮುಚ್ಚಿಕೊಂಡು ಮೇಲೆ ಓಡಿದ. ಪರಂಪರೆಯ ಅಧ್ಯಕ್ಷನಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಸಣ್ಣವನಿದ್ದಾಗ ಯಾರೋ ಚಾಕೊಲೇಟ್ ಸಾರು ಎಂದು ನಂಬಿಸಿ ತಿನ್ನಿಸಿ, ಆಮೇಲೆ ನಿಜ ಹೇಳಿದ್ದಕ್ಕೆ ಮೂರು ದಿನ ವಾಂತಿ ಮಾಡಿಕೊಂಡಿದ್ದವನು.

“ಯಾನಿನಾ,” ಬೂಶಾ ಕೆಳಗಿಂದ ಕೂಗಿದಳು. “ಮುನಿಸು ನಾಳೆಗಿಟ್ಕೋ. ಕಾಲು ಹಿಡ್ಕೊಳ್ಳೋಕೆ ಒಂದು ಜನ ಬೇಕು.”

ಯಾನಿನಾ ಹೋದಳು. ಬಟ್ಟಲಿನ ತಳದಲ್ಲಿ ವಿನಿಗರ್ ಇತ್ತು. ಬೂಶಾ ಒಂದೇ ಏಟಿಗೆ ಕೆಲಸ ಮುಗಿಸಿದಳು. ಕೈಯಲ್ಲಿ ಹಕ್ಕಿಯ ಕಾಲು ಒದ್ದಾಡಿತು, ಬಿಸಿ ರಕ್ತದ ವಾಸನೆ, ವಿನಿಗರಿನ ಘಾಟು ಎರಡೂ ಸೇರಿ ಮುಖಕ್ಕೆ ಹೊಡೆಯಿತು.

“ಕಲಕು, ಕಲಕು. ಬಿಟ್ರೆ ಹೆಪ್ಪುಗಟ್ಟುತ್ತೆ.”

ಯಾನಿನಾ ಕಲಕಿದಳು. ಕಲಕುತ್ತಲೇ ಕೇಳಿದಳು, “ನಿಮಗೆ ನಾಚಿಕೆ ಆಗಲ್ವಾ ಅತ್ತೆ?”

ಬೂಶಾ ಪುಕ್ಕ ಕೀಳತೊಡಗಿದಳು.

“ನಮ್ಮಪ್ಪನೂ ಇದನ್ನೇ ಮಾಡ್ಸಿದ,” ಎಂದಳು. “ವಾಸಿಲ್ ನನ್ನ ಕೇಳೋಕೆ ಬಂದಾಗ. ಅವನ ಊರಿನವರನ್ನೆಲ್ಲ ಸೈನ್ಯದವರು ಬೆಟ್ಟದಿಂದ ಎತ್ತಿ ತಂದು ನಮ್ಮ ಸೀಮೆಗೆ ಬಿಸಾಕಿದ್ರು. ಮೈ ಮೇಲೆ ನೆಟ್ಟಗೆ ಒಂದು ಕೋಟಿರಲಿಲ್ಲ. ನಮ್ಮಪ್ಪ ಅಂದ, ತಿರುಗುಮುರುಗಾ ಶಿಲುಬೆ ಹಾಕ್ಕೊಳ್ಳೋ ನಾಯಿಗೆ ನನ್ನ ಮಗಳಾ ಅಂತ. ನನ್ನ ಕೈಲೇ ಬಟ್ಟಲು ಕೊಟ್ಟು ಕಳಿಸ್ದ. ಪದ್ಧತಿ ಅಂದ.”

“ಅವರು ಎದ್ದು ಹೋದ್ರಾ?”

“ಎಲ್ಲಿ ಹೋಗ್ತಾನೆ? ಇದೇನು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೂತು ಕೊನೇ ಹನಿವರೆಗೂ ತಿಂದ. ಬ್ರೆಡ್ಡಲ್ಲಿ ಬಟ್ಟಲು ಒರೆಸಿ ತಿಂದ. ರುಚಿಯಾಗಿದೆ, ಇನ್ನೊಂದು ಸೌಟು ಹಾಕಿ ಅಂತ ನಮ್ಮಪ್ಪನ ಮುಖ ನೋಡಿ ಕೇಳ್ದ.” ಬೂಶಾ ನಗಲಿಲ್ಲ. “ಅದೇ ವಾರ ಒಂದು ಗಂಟು ಬಟ್ಟೆ ಹಿಡ್ಕೊಂಡು ಅವನ ಹಿಂದೆ ಹೋದೆ, ಆಮೇಲೆ ಇಬ್ರೂ ಹಡಗು ಹತ್ತಿ ಈ ದೇಶಕ್ಕೆ ಬಂದ್ವಿ. ನಮ್ಮಮ್ಮ ಸತ್ತದ್ದು ನನಗೆ ಗೊತ್ತಾಗೋ ಹೊತ್ತಿಗೆ ಗೋರಿ ಮೇಲೆ ಹುಲ್ಲು ಬೆಳೆದಿತ್ತು.”

“ಇಷ್ಟೆಲ್ಲ ಪಟ್ಟವರು ಈಗ ಯಾಕೆ ಮಾಡ್ತಿದ್ದೀರಿ?”

“ಮಾತಾಡ್ತಾ ಕೈ ನಿಲ್ಲಿಸ್ದೆ ನೋಡು. ಕಲಕು.”

ಭಾನುವಾರ ಪೂಜೆ ಮುಗಿದು ಜನ ಚರ್ಚಿನ ನೆಲಮಾಳಿಗೆಗೆ ಇಳಿದರು. ಗೋಧಿ ತೆನೆಯ ದೊಡ್ಡ ಹಾರ, ಕಾಗದದ ಹೂವು, ಅಕಾರ್ಡಿಯನ್ ಬಾರಿಸುವವನು, ಬೆವರು, ಹುರಿದ ಈರುಳ್ಳಿ. ಮೆಟ್ಟಿಲ ಬಳಿ ಯಾನಿನಾ ಮಗಳ ತೋಳು ಹಿಡಿದೆಳೆದಳು.

“ಹಲೀನಾ, ಯಾವ ಸಾರು ಕೊಟ್ರೂ ಜುಬೇರ್ ಬಾಯಿಗಿಡೋದು ಬೇಡ. ಯಾಕೆ ಅಂತ ಕೇಳ್ಬೇಡ.”

“ಗೊತ್ತಮ್ಮ,” ಎಂದಳು ಹಲೀನಾ. ಅವಳ ಮುಖ ಬಿಳಿಚಿತ್ತು. “ನಾವು ಊಟಕ್ಕೆ ಬಂದಿದ್ದ ದಿನ ಸಂಜೆನೇ ಬೂಶಾ ಫೋನ್ ಮಾಡಿ ಎಲ್ಲ ಹೇಳಿದ್ಲು. ನಾನು ಬರಲ್ಲ ಅಂದೆ. ತಪ್ಪಿಸ್ಕೊಂಡ್ರೆ ನನ್ನಾಣೆ, ಹಸ್ಕೊಂಡು ಬನ್ನಿ ಅಂದ್ಲು. ನೀನು ಯಾಕಮ್ಮ ಇಷ್ಟು ದಿನ ಒಂದು ಮಾತು ಹೇಳ್ಲಿಲ್ಲ?”

ಯಾನಿನಾ ಮಗಳ ತೋಳು ಬಿಟ್ಟಳು. ಜುಬೇರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲೇ ನಿಂತಿದ್ದ. “ಪರವಾಗಿಲ್ಲ ಆಂಟಿ,” ಎಂದ ಮೆಲ್ಲಗೆ. ಆ ಪರವಾಗಿಲ್ಲ ಅನ್ನುವುದು ಅವಳಿಗೆ ಕಪಾಳಕ್ಕೆ ಹೊಡೆದಂತೆ ಆಯಿತು.

ಎಲ್ಲರೂ ಕುಳಿತ ಮೇಲೆ ಎಡ್ಡಿ ಮೈಕ್ ಹಿಡಿದ. ನವಿಲುಗರಿ ಅವನ ಕಣ್ಣ ಮೇಲೆ ಬೀಳುತ್ತಿತ್ತು.

“ಇವತ್ತು ನಮ್ಮ ಮೇಜಿಗೆ ಒಬ್ಬ ವಿಶೇಷ ಅತಿಥಿ ಬಂದಿದ್ದಾರೆ. ನನ್ನ ಮಗಳ ಕೈ ಕೇಳ್ತಿದ್ದಾರೆ. ಅವರಿಗೆ ನಮ್ಮಮ್ಮ ತಮ್ಮ ಕೈಯಾರೆ ಮಾಡಿದ ಸಾರು... ಪ್ಲಮ್ಮಿನ ಸಾರು!” ಎಂದು ಕಣ್ಣು ಹೊಡೆದ. “ಎಂಥ ಪ್ಲಮ್ಮು ಅಂತ ಹಳಬರಿಗೆ ಹೇಳ್ಬೇಕಾಗಿಲ್ಲ ಅಲ್ವಾ?”

ಹಳಬರು ಹೋ ಎಂದರು. ಹಿಂದಿನ ಮೇಜಿನವನೊಬ್ಬ ಬಾತುಕೋಳಿಯಂತೆ ಕೂಗಿದ. ಹೆಂಗಸರು ಬಾಯಿಗೆ ಸೆರಗಿನಂತೆ ಕರವಸ್ತ್ರ ಹಿಡಿದು ನಕ್ಕರು. ಪ್ರತಿ ಭಾನುವಾರ ಪರಸ್ಪರ ಕೈ ಹಿಡಿದು ಶಾಂತಿ ಕೋರುವ ಇದೇ ಕೈಗಳು ಈಗ ಮೇಜು ಗುದ್ದುತ್ತಿದ್ದವು. ಯಾನಿನಾಗೆ ಅಲ್ಲಿದ್ದ ಒಂದೊಂದು ಮುಖ ಕಂಡೂ ಹೇಸಿಗೆಯಾಯಿತು. ಅವಳು ಹುಡುಗನ ಕುರ್ಚಿಯ ಹಿಂದೆ ಹೋಗಿ ನಿಂತಳು.

ಬೂಶಾ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಎರಡು ಬಟ್ಟಲು. ಜುಬೇರನ ಮುಂದೆ ಇಟ್ಟದ್ದು ತಿಳಿಯಾದ ಅಣಬೆ ಸಾರು. “ತಿನ್ನು ಮಗ, ಇದರಲ್ಲಿ ಮಾಂಸದ ಚೂರೂ ಇಲ್ಲ,” ಎಂದಳು. ಆಮೇಲೆ ನಿಧಾನವಾಗಿ ಮೇಜು ಸುತ್ತಿಕೊಂಡು ಹೋಗಿ, ಕರಿಸಾರಿನ ಬಟ್ಟಲನ್ನು ತನ್ನ ಮಗನ ಮುಂದೆ ಇಟ್ಟಳು.

ಗದ್ದಲ ನಿಂತುಹೋಯಿತು.

“ಅಮ್ಮ, ಅಲ್ಲಿ ಕಣೆ, ಅಲ್ಲಿ,” ಎಂದ ಎಡ್ಡಿ. ಮೈಕ್ ಕೈಯಲ್ಲೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು.

“ಎಲ್ಲಿ ಇಡಬೇಕು ಅಂತ ನನಗೆ ಗೊತ್ತು. ಫೇದಾಕ್ ಇದನ್ನ ಬ್ರೆಡ್ಡಲ್ಲಿ ಒರೆಸಿ ತಿಂದ. ಫೇದಾಕೋವ್‌ಸ್ಕಿ ಒಂದು ಚಮಚ ತಿಂದು ತೋರಿಸ್ಲಿ.”

ಎಡ್ಡಿಯ ಮುಖದಲ್ಲಿ ಬಣ್ಣ ಇಳಿಯಿತು. ಸುತ್ತ ಜನ. ಯಾರೋ ‘ತಿನ್ನು, ತಿನ್ನು’ ಎಂದು ಶುರುಮಾಡಿದರು, ಅಕಾರ್ಡಿಯನ್ನಿನವನು ತಾಳ ಹಿಡಿದ. ಎಡ್ಡಿ ನಕ್ಕಂತೆ ಮಾಡಿ ಒಂದು ಚಮಚ ಬಾಯಿಗಿಟ್ಟ. ನುಂಗಿದ. ಮರುಕ್ಷಣ ಟೋಪಿ ಕಿತ್ತು ಬಾಯಿಗೆ ಹಿಡಿದುಕೊಂಡ. ಬೆಳಗಿನ ಸಾಸೇಜು, ಬಿಯರು, ಕರಿಸಾರು ಎಲ್ಲ ನವಿಲುಗರಿಯ ಟೋಪಿಯೊಳಗೆ, ಉಳಿದದ್ದು ಕಸೂತಿ ಕೋಟಿನ ಮೇಲೆ.

ಒಂದು ಗಳಿಗೆ ಯಾನಿನಾ ಅಂದುಕೊಂಡಳು: ಈಗ ಇವರಿಗೆ ಅರ್ಥವಾಗುತ್ತದೆ. ಈಗ ಇವರೆಲ್ಲ ತಲೆ ತಗ್ಗಿಸುತ್ತಾರೆ.

ನೆಲಮಾಳಿಗೆ ಬಿರಿದು ಹೋಗುವಂತೆ ಚಪ್ಪಾಳೆ ಬಿತ್ತು. ಜನ ಕಣ್ಣೀರು ಒರೆಸಿಕೊಂಡು ನಕ್ಕರು. ಫೋನು ಹಿಡಿದು ಚಿತ್ರ ತೆಗೆದರು. “ಏನ್ ಕಲಾವಿದೆ ಕಣೋ ನಿಮ್ಮಮ್ಮ!” ಎಂದು ಸಮಿತಿಯವನೊಬ್ಬ ಎಡ್ಡಿಯ ಬೆನ್ನು ಗುದ್ದಿದ. “ತಾಯಿ-ಮಗ ಸೇರ್ಕೊಂಡು ನಮಗೇ ಟೋಪಿ ಹಾಕಿದ್ರಲ್ಲೋ!” ಎಡ್ಡಿ ಬಾಯಿ ಒರೆಸಿಕೊಂಡು ಸುತ್ತ ನೋಡಿದ. ಜನ ನಗುತ್ತಿರುವುದು ಕಂಡಿತು. ಕೈಯೆತ್ತಿ ಸಲಾಂ ಹೊಡೆದ.

ಬೂಶಾ ಏಪ್ರನ್ ಬಿಚ್ಚಿ ಮಡಿಸಿದಳು. ಜುಬೇರ್ ಎದ್ದು ಆಕೆಯ ಕೋಟು ತಂದು ಹಿಡಿದ.

“ಯಾನಿನಾ, ನನ್ನ ಬಟ್ಟೆ ಒಂದು ಗಂಟು ಕಟ್ಕೊಂಡು ಬಾ,” ಎಂದಳು ಬೂಶಾ. “ವಾಸಿಲ್ ಫೋಟೊನೂ ತಗೋ. ನಾನು ಹುಡುಗಿ ಮನೆಗೆ ಹೋಗ್ತೀನಿ. ಆ ಸಾರಿನ ಪಾತ್ರೆ ನಮ್ಮನೇದು, ಇಲ್ಲಿ ಬಿಡ್ಬೇಡ.”

ಯಾನಿನಾ ಪಾತ್ರೆ ಹೊತ್ತು ಮನೆಗೆ ಬಂದು ಒಲೆಯ ಮೇಲಿಟ್ಟು, ಅತ್ತೆಯ ಬಟ್ಟೆ ಕಟ್ಟಿದಳು. ಗೋಡೆಯಿಂದ ಫೋಟೊ ಇಳಿಸಿದಳು. ಆಮೇಲೆ ತನ್ನ ಬೀರು ತೆಗೆದು, ತನ್ನದೂ ನಾಲ್ಕು ಬಟ್ಟೆ ಅದೇ ಗಂಟಿಗೆ ಸೇರಿಸಿದಳು. ಕಿಟಕಿಯಾಚೆ ಬಿಸಿಲು ಇನ್ನೂ ಇತ್ತು. ಬೀದಿಯಲ್ಲಿ ಜುಬೇರನ ವ್ಯಾನು ಬಂದು ನಿಂತಿತು, ಮುಂದಿನ ಸೀಟಿನಲ್ಲಿ ಬೂಶಾ ಕೂತಿದ್ದಳು.

ಅಷ್ಟರಲ್ಲಿ ಎಡ್ಡಿ ಹಿತ್ತಿಲ ಬಾಗಿಲಿನಿಂದ ಬಂದ. ಮೈಯೆಲ್ಲ ಹುಳಿ ವಾಸನೆ, ಮುಖದ ತುಂಬ ನಗು.

“ಹೇಗೆ ಗೆದ್ದುಬಿಡ್ತು ಗೊತ್ತಾ ಕಾರ್ಯಕ್ರಮ! ಪ್ರತಿ ವರ್ಷ ಇದನ್ನೇ ಇಡೋಣ ಅಂತಿದ್ದಾರೆ. ಕರಿಸಾರಿನ ಪಂದ್ಯ! ಅಮ್ಮನೇ ಬಡಿಸ್ಬೇಕಂತೆ. ಮುದುಕಿಗೆ ಸಿಟ್ಟು ಬಂದಿದ್ರೆ ಇಳಿಯುತ್ತೆ ಬಿಡು.” ಕೋಟು ಬಿಚ್ಚಿ ಅವಳ ಕಡೆ ಎಸೆದ. “ಇದನ್ನ ತೊಳೆದಿಡು, ಶನಿವಾರ ಫೋಟೊ ತೆಗೀತಾರೆ. ಹೊಟ್ಟೆ ಖಾಲಿ ಖಾಲಿ ಅನ್ನಿಸ್ತಿದೆ. ತಿನ್ನೋಕೆ ಏನಿದೆ?”

ಕೋಟು ನೆಲದ ಮೇಲೆ ಬಿತ್ತು. ಯಾನಿನಾ ಅದನ್ನು ದಾಟಿ ಒಲೆಯ ಬಳಿ ಹೋದಳು. ಪಾತ್ರೆಯಲ್ಲಿ ಉಳಿದಿದ್ದ ಕರಿಸಾರನ್ನು ಬಿಸಿ ಮಾಡಿದಳು. ಒಳ್ಳೆಯ ಬಟ್ಟಲು ತೆಗೆದು, ತುಂಬ ಹಾಕಿ, ಪಕ್ಕದಲ್ಲಿ ಚಮಚವಿಟ್ಟು, ಎರಡು ತುಂಡು ಬ್ರೆಡ್ಡು ಇಟ್ಟು, ಗಂಡನ ಮುಂದೆ ತಂದಿಟ್ಟಳು.

ಎಡ್ಡಿ ಬಟ್ಟಲು ನೋಡಿದ. ಅವಳನ್ನು ನೋಡಿ ನಕ್ಕ. ಅವಳು ನಗಲಿಲ್ಲ. ಬಾಗಿಲ ಬಳಿಯ ಗಂಟು, ಬರಿದಾದ ಗೋಡೆ ಅವನ ಕಣ್ಣಿಗೆ ಬಿದ್ದವು.

“ಇದೇನೇ ಇದು?” ಎಂದ. ದನಿ ಸಣ್ಣದಾಗಿತ್ತು. “ಇಲ್ಲಿ ನೋಡೋಕೆ ಯಾರೂ ಇಲ್ವಲ್ಲೇ.”

“ಅದಕ್ಕೇ ಇಟ್ಟಿದ್ದು,” ಎಂದು ಯಾನಿನಾ ಗಂಟು ಎತ್ತಿಕೊಂಡಳು.